ಹುಬ್ಬೊಳಗಿನ ಹಳೇ ಗಾಯ: ಮಂಡ್ಯದ ಒಂದು ಮ್ಯೂಕೋಸೀಲ್ ಕೇಸು

ಆ ಯಜಮಾನ್ರು ನನ್ನ ಇಎನ್‌ಟಿ ರೂಮೊಳಗೆ ಬಂದಿದ್ದೇ ಗದ್ದ ಮೇಲೆತ್ಕೊಂಡು. ಕುರ್ಚೀಲಿ ಕೂತ ಮೇಲೂ ಹಂಗೇ ಇದ್ರು, ಯಾರೋ ಹಿಂದಿನಿಂದ ತಲೆ ಹಿಡಿದು ಒಸಿ ಬಾಗಿಸಿದಾರೇನೋ ಅನ್ನೋ ಥರ. 2023ರ ಜನವರಿ, ಸಂಕ್ರಾಂತಿ ಮುಗಿದು ಒಂದು ವಾರ ಆಗಿತ್ತು, ನಮ್ಮ ಮಂಡ್ಯ ಸುತ್ತಮುತ್ತ ಆಲೆಮನೆಗಳು ಹಗಲೂ ರಾತ್ರಿ ನಡೀತಿದ್ವು. ವಯಸ್ಸು 51, ಪಾಂಡವಪುರದ ಕಡೆಯವರು, ಎರಡೆಕರೆ ಕಬ್ಬು, ಒಂದೆಕರೆ ಭತ್ತ, ಜೊತೆಗೆ ಅಣ್ಣತಮ್ಮಂದಿರು ಸೇರಿ ನಡೆಸೋ ಒಂದು ಆಲೆಮನೆ. ಕೈಲಿ ಒಂದು ಚೀಟಿ ಇತ್ತು. ಅದನ್ನ ಬರೆದಿದ್ದು ಡಾಕ್ಟ್ರಲ್ಲ, ಕನ್ನಡಕದ ಅಂಗಡೀಲಿ ಕಣ್ಣು ಟೆಸ್ಟ್ ಮಾಡೋ ಹುಡುಗ. "ಏಳು ತಿಂಗಳಲ್ಲಿ ಎಡಗಣ್ಣಿನ ನಂಬರ್ ಮೂರು ಸಲ ಬದಲಾಗಿದೆ, ಬಲಗಣ್ಣು ಹಾಗೇ ಇದೆ. ಎಡಗಣ್ಣು ಕೆಳಗಿದೆ. ಇಎನ್‌ಟಿ ಡಾಕ್ಟರಿಗೂ ಒಮ್ಮೆ ತೋರಿಸಿ" ಅಂತ ನೀಟಾಗಿ ಬರ್ದಿದ್ದ. ಈ ಇಡೀ ಕೇಸಲ್ಲಿ ಸರಿಯಾದ ದಾರಿ ಮೊದಲು ತೋರಿಸಿದ್ದು ಆ ಚೀಟೀನೇ, ಅದಕ್ಕೇ ಅದರಿಂದ ಶುರು ಮಾಡ್ತಿದೀನಿ.

ಯಜಮಾನ್ರು ಮತ್ತೆ ಅವರ ಮನೆಯವ್ರು ಇಬ್ರನ್ನೂ ಕೇಳಿ, ಅವರು ಒಪ್ಪಿದ ಮೇಲೇ ಇದನ್ನ ಬರೀತಿರೋದು. ಹೆಸರು, ಊರು ಹಾಕಲ್ಲ. ಹಿಂದೆ ಎಲ್ಲೆಲ್ಲಿ ತೋರಿಸಿದ್ರು ಅನ್ನೋದೂ ಬೇಡ, ಯಾರನ್ನೋ ದೂರೋದು ಇಲ್ಲಿ ನನಗೆ ಬೇಕಾಗಿಲ್ಲ.

ತೊಂದರೆ ಏನು ಅಂದ್ರೆ, ಮೇಲಕ್ಕೆ ನೋಡಿದ್ರೆ ಎಲ್ಲಾ ಎರಡೆರಡು. "ತೆಂಗಿನ ಮರ ನೋಡಿದ್ರೆ ಗೊನೆ ಎಲ್ಲ ಎಲ್ಡೆಲ್ಡು ಕಾಣ್ತವೆ ಸಾ, ಯಾವ್ದು ದಿಟ ಯಾವ್ದು ಸುಳ್ಳು ಗೊತ್ತಾಗಾಕಿಲ್ಲ" ಅಂದ್ರು. ನೇರಕ್ಕೆ ನೋಡುವಾಗ ಅಷ್ಟಿಲ್ಲ, ಕೆಳಗೆ ನೋಡಿದ್ರೆ ಏನೂ ಇಲ್ಲ. ಅದಕ್ಕೇ ಅವರಿಗೇ ಗೊತ್ತಿಲ್ಲದಂಗೆ ಗದ್ದ ಮೇಲೆತ್ತೋದು ಅಭ್ಯಾಸ ಆಗಿಬಿಟ್ಟಿತ್ತು, ತಲೆ ಹಿಂದಕ್ಕೆ ಹಾಕಿದ್ರೆ ಕಣ್ಣು ಕೆಳಗೆ ನೋಡಿದ ಹಾಗಾಗುತ್ತೆ, ಎರಡು ಚಿತ್ರ ಒಂದಾಗುತ್ತೆ. ಎಡ ಹುಬ್ಬಿನ ಮೇಲೆ ಯಾವಾಗ್ಲೂ ಒಂಥರಾ ಭಾರ. ನೋವು ಅಂತ ಹೇಳೋ ಹಾಗಿಲ್ಲ. ಜ್ವರ ಇಲ್ಲ, ಮೂಗು ಕಟ್ಟಲ್ಲ, ಸೋರಲ್ಲ, ವಾಸನೆ ಚೆನ್ನಾಗೇ ಬರುತ್ತೆ. ಮೂಗಿನ ಕಡೆಯಿಂದ ಒಂದೇ ಒಂದು ದೂರು ಇಲ್ಲದಿದ್ದಾಗ ಸೈನಸ್ ಅನ್ನೋ ಪದ ಯಾರ ತಲೇಲೂ ಬರಲ್ಲ, ಅದು ಸಹಜ.

ನನ್ನ ಹತ್ರ ಬರೋ ಹೊತ್ತಿಗೆ ಅವರು ಎಂಟು ತಿಂಗಳು ಅಲೆದಿದ್ರು. ಮೊದಲು ಕನ್ನಡಕ. ಆಮೇಲೆ ಥೈರಾಯ್ಡ್ ಇರಬಹುದು ಅಂತ ರಕ್ತ ಟೆಸ್ಟ್, ಟಿಎಸ್‌ಎಚ್ ನಾರ್ಮಲ್. ಅದು ತಪ್ಪು ಯೋಚನೆ ಏನಲ್ಲ, ದೊಡ್ಡವರಲ್ಲಿ ಒಂದೇ ಕಣ್ಣು ಮುಂದೆ ಬಂದಿದ್ರೂ ಮೊದಲು ಯೋಚಿಸಬೇಕಾದ್ದು ಥೈರಾಯ್ಡೇ. ಆಮೇಲೆ ಒಂದು ಕಡೆ ಎಂಆರ್‌ಐ ಆಯ್ತು, ಕಾಂಟ್ರಾಸ್ಟ್ ಇಂಜೆಕ್ಷನ್ ಇಲ್ಲದೆ. ರಿಪೋರ್ಟಲ್ಲಿ ಕಣ್ಣುಗುಡ್ಡೆ ಮೇಲ್ಗಡೆ ಗಡ್ಡೆ, ಟ್ಯೂಮರ್ ಇರಬಹುದು, ಬಯಾಪ್ಸಿ ಮಾಡಿ ಅಂತ ಬಂತು. ಆ ಒಂದು ಸಾಲು ಓದಿಸಿಕೊಂಡ ದಿನದಿಂದ ಮನೇಲಿ ಒಲೆ ಸರಿಯಾಗಿ ಉರೀಲಿಲ್ಲವಂತೆ. ಮನೆಯವ್ರು ಗಂಜಾಂ ನಿಮಿಷಾಂಬ ದೇವಸ್ಥಾನಕ್ಕೆ ಹೋಗಿ ಬೆಳ್ಳಿ ಕಣ್ಣು ಒಪ್ಪಿಸ್ತೀನಿ ಅಂತ ಹರಕೆ ಹೊತ್ಕೊಂಡು ಬಂದಿದ್ರು. ರೆಪ್ಪೆ ಮೇಲೆ ಕುಯ್ದು ಒಂದು ಚೂರು ತೆಗೀತೀವಿ ಅಂತ ಡೇಟೂ ಕೊಟ್ಟಿದ್ರಂತೆ, ಇವರು ಹೆದರಿ ಹೋಗಲಿಲ್ಲ. ಹೋಗದೇ ಇದ್ದಿದ್ದು ಒಳ್ಳೇದಾಯ್ತು, ಯಾಕೆ ಅಂತ ಮುಂದೆ ಹೇಳ್ತೀನಿ.

ಪರೀಕ್ಷೆಗೆ ಬರೋಣ. ಕಣ್ಣು ಮುಂದೆ ಬಂದಿದೆ ಅಂದ್ರೆ ಸಾಲಲ್ಲ, ಯಾವ ಕಡೆಗೆ ಬಂದಿದೆ ಅನ್ನೋದು ಮುಖ್ಯ. ಥೈರಾಯ್ಡಲ್ಲಿ ಸಾಮಾನ್ಯವಾಗಿ ಕಣ್ಣು ನೇರ ಮುಂದಕ್ಕೆ ಬರುತ್ತೆ, ಮೇಲಿನ ರೆಪ್ಪೆ ಮೇಲಕ್ಕೆ ಎಳ್ಕೊಂಡಿರುತ್ತೆ, ಕರಿಗುಡ್ಡೆ ಮೇಲ್ಗಡೆ ಬಿಳಿ ಕಾಣುತ್ತೆ, ನೋಡಿದವರಿಗೆ ಗಾಬರಿಯಾಗಿ ನೋಡ್ತಿದಾರೆ ಅನ್ಸುತ್ತೆ. ಇವರಿಗೆ ಅದ್ಯಾವುದೂ ಇಲ್ಲ. ರೆಪ್ಪೆ ತುಂಬಿಕೊಂಡು ಇಳಿಬಿದ್ದಿತ್ತು. ಕಣ್ಣು ಕೆಳಗೆ ಮತ್ತೆ ಹೊರಗಡೆಗೆ, ಅಂದ್ರೆ ಕಿವಿ ಕಡೆಗೆ ಸರಿದಿತ್ತು. ಸ್ಕೇಲ್ ಇಟ್ಟು ನೋಡಿದ್ರೆ ಬಲಗಣ್ಣಿಗಿಂತ 5 ಮಿಲಿಮೀಟರ್ ಕೆಳಗೆ. ಕಣ್ಣು ಎಷ್ಟು ಮುಂದೆ ಬಂದಿದೆ ಅಂತ ಅಳೆಯೋಕೆ ಹರ್ಟೆಲ್ ಅಂತ ಒಂದು ಸಾಧನ ಇದೆ, ಅದರಲ್ಲಿ ಬಲಗಡೆ 17, ಎಡಗಡೆ 23. ಎರಡು ಮಿಲಿಮೀಟರಿಗಿಂತ ಜಾಸ್ತಿ ವ್ಯತ್ಯಾಸ ಇದ್ರೇನೇ ಹುಡುಕಬೇಕು, ಇಲ್ಲಿ ಆರು. ಕಣ್ಣು ಕೆಳಗೆ ಹೊರಗೆ ಹೋಗಿದೆ ಅಂದ್ರೆ ತಳ್ತಿರೋದು ಮೇಲಿನ ಒಳಮೂಲೆಯಿಂದ. ಅಲ್ಲಿ ಇರೋದು ಏನು? ಹಣೆಯ ಸೈನಸ್ಸು. ಕಣ್ಣೀರಿನ ಗ್ರಂಥಿ ಇರೋದು ಹೊರಮೂಲೇಲಿ, ಅದು ಊದಿದ್ರೆ ಕಣ್ಣು ಮೂಗಿನ ಕಡೆಗೆ ಸರೀತಿತ್ತು. ಇಷ್ಟು ತಿಳಿಯೋಕೆ ಒಂದು ರೂಪಾಯಿ ಖರ್ಚಿಲ್ಲ, ಎದುರಿಗೆ ಕೂರಿಸಿಕೊಂಡು ಎರಡು ನಿಮಿಷ ಸುಮ್ಮನೆ ಮುಖ ನೋಡಬೇಕು ಅಷ್ಟೇ.

ದೃಷ್ಟಿ 6/9, ಬಣ್ಣ ಗುರುತಿಸೋದು ಎರಡೂ ಕಣ್ಣಲ್ಲಿ ಸರಿಯಾಗಿತ್ತು, ಟಾರ್ಚ್ ಬಿಟ್ಟರೆ ಪಾಪೆಗಳು ಎರಡೂ ಒಂದೇ ಸಮ ಕುಗ್ಗುತಿದ್ವು. ಅಂದ್ರೆ ಕಣ್ಣಿನ ನರಕ್ಕೆ ಏಟು ಬಿದ್ದಿಲ್ಲ, ಟೈಮಿದೆ. ಮೂಗೊಳಗೆ ಎಂಡೋಸ್ಕೋಪ್ ಹಾಕಿ ನೋಡಿದೆ, ಎಲ್ಲಾ ಕ್ಲೀನು, ಪಾಲಿಪ್ (ಮೂಗೊಳಗೆ ಬೆಳೆಯೋ ಮೆತ್ತನೆ ಗಂಟು) ಇಲ್ಲ, ಕೀವಿಲ್ಲ. ಮೂಗು ಚೆನ್ನಾಗಿದೆ ಅಂತ ಮ್ಯೂಕೋಸೀಲನ್ನ, ಅಂದ್ರೆ ಸೈನಸ್ಸಿನ ದಾರಿ ಮುಚ್ಚಿ ಒಳಗೆ ಲೋಳೆ ತುಂಬಿ ಊದೋ ಚೀಲಾನ, ಪಟ್ಟಿಯಿಂದ ತೆಗೆದುಹಾಕೋ ಹಾಗಿಲ್ಲ, ಎಷ್ಟೋ ಸಲ ಹಿಂಗೇ ಇರುತ್ತೆ.

ಆಮೇಲೆ ಹುಬ್ಬಿನ ಕೆಳಗೆ ಬೆರಳಿಟ್ಟೆ. ಮೆತ್ತಗೆ, ನುಣ್ಣಗೆ ಒಂದು ಉಬ್ಬು, ಒತ್ತಿದ್ರೆ ಒಂದು ಜಾಗದಲ್ಲಿ ಮೊಟ್ಟೆ ಸಿಪ್ಪೆ ಬಿರುಕು ಬಿಟ್ಟಂಗೆ ಸಣ್ಣದಾಗಿ ಚಟ್ ಅಂತ ಬೆರಳಿಗೆ ಸಿಕ್ತು. ಮೂಳೆ ಕಾಗದದಷ್ಟು ತೆಳು ಆಗಿದೆ ಅನ್ನೋದಕ್ಕೆ ಅದೇ ಗುರುತು. ನಾಡಿ ಬಡಿದಂಗೆ ಏನೂ ಬಡೀತಿಲ್ಲ, ಕೆಮ್ಮಿಸಿದೆ, ಕೆಮ್ಮಿದಾಗ ಉಬ್ಬಲಿಲ್ಲ. ಮಿದುಳಿನ ಪೊರೆ ಏನಾದ್ರೂ ಕೆಳಗೆ ಜಾರಿ ಬಂದಿದ್ರೆ ಉಬ್ಬುತಿತ್ತು. ಬೆರಳು ಹಂಗೇ ಮೇಲಕ್ಕೆ ತಂದೆ. ಹುಬ್ಬಿನ ಕೂದಲೊಳಗೆ ಎರಡು ಸೆಂಟಿಮೀಟರ್ ಉದ್ದಕ್ಕೆ ಕೂದಲೇ ಇಲ್ಲ, ಬಿಳೀ ಗೆರೆ, ಅದರ ಕೆಳಗೆ ಮೂಳೇಲಿ ಒಂದು ಮೆಟ್ಟಿಲು. ಹೊಸಿಲು ದಾಟಿದಂಗೆ ಬೆರಳು ಇಳೀತು.

ಇಲ್ಲಿ ಒಂದು ಮಾತು ಒಪ್ಪಿಕೋಬೇಕು. ಶುರುವಲ್ಲೇ ನಾನು ಕೇಳಿದ್ದೆ, "ಯಜಮಾನ್ರೇ, ತಲೆಗೆ ಮುಖಕ್ಕೆ ಏನಾದ್ರೂ ಪೆಟ್ಟು ಬಿದ್ದಿತ್ತಾ?" ಅಂತ. "ಇಲ್ಲ ಸಾ" ಅಂದ್ರು, ನಾನು ಕೇಸ್ ಶೀಟಲ್ಲಿ ಪೆಟ್ಟಿಲ್ಲ ಅಂತ ಬರ್ಕೊಂಡೆ. ಹಿಂದೆ ನೋಡಿದವರ ಶೀಟಲ್ಲೂ ಅದೇ ಇತ್ತು. ನಾವೆಲ್ಲ ಕೇಳಿದ್ದು ಒಂದೇ ಪ್ರಶ್ನೆ, ಅವರು ಹೇಳಿದ್ದು ಒಂದೇ ಉತ್ತರ, ಅವರು ಸುಳ್ಳು ಹೇಳಿರಲಿಲ್ಲ. ಪೆಟ್ಟು ಅಂದ್ರೆ ಅವರ ಲೆಕ್ಕದಲ್ಲಿ ಈ ತೊಂದರೆ ಶುರುವಾಗೋ ಮುಂಚೆ, ಹೋದ ತಿಂಗಳೋ ಹೋದ ವರ್ಷವೋ ಬಿದ್ದಿದ್ದು. ಬೆರಳು ಗೆರೆ ಮೇಲಿಟ್ಟು "ಇದೇನು ಗಾಯ?" ಅಂದಾಗ, "ಅದ್ಯಾವ್ದೋ ಕಾಲದ್ದು ಬುಡಿ ಸಾ, ಅದಕ್ಕೂ ಇದಕ್ಕೂ ಏನು" ಅಂದ್ರು.

ಆಗ ಬಾಗಿಲ ಹತ್ರ ಸೆರಗು ಹಿಡ್ಕೊಂಡು ನಿಂತಿದ್ದ ಅವರ ಮನೆಯವ್ರು ಮಾತಾಡಿದ್ರು. "ಇಂಜಿನ್ ಹ್ಯಾಂಡ್ಲು ಬಡ್ದಿತ್ತಲ್ಲ, ಏಳಿ." ಇವರು ಸುಮ್ಮನಿದ್ರು. ಆ ಅಮ್ಮನೇ ಹೇಳಿದ್ರು. 1999, ಅವರು ಮದುವೆಯಾಗಿ ಬಂದ ಮೊದಲನೇ ವರ್ಷ. ಆಗ ಆಲೆಮನೆ ಗಾಣಕ್ಕೆ ಕರೆಂಟ್ ಮೋಟ್ರು ಇರ್ಲಿಲ್ಲ, ಡೀಸೆಲ್ ಇಂಜಿನ್ನು. ಕೈಯಲ್ಲಿ ಹ್ಯಾಂಡ್ಲು ಸುತ್ತಿ ಸ್ಟಾರ್ಟ್ ಮಾಡೋದು. ಬೆಳಗಿನ ಜಾವ ಚಳೀಲಿ ಇಂಜಿನ್ನು ಹಿಂದಕ್ಕೆ ಒದ್ದು ಹ್ಯಾಂಡ್ಲು ಕೈಯಿಂದ ಹಾರಿ ಎಡ ಹುಬ್ಬಿಗೆ ಬಡೀತು. ಈ ಕಡೆ ಹಳೇ ಇಂಜಿನ್ ಸುತ್ತಿದವರಿಗೆಲ್ಲ ಆ ಒದೆ ಗೊತ್ತು, ಎಷ್ಟೋ ಜನ ಮುಂಗೈ ಮುರ್ಕೊಂಡಿದಾರೆ. ಗಾಯಕ್ಕೆ ಕಾಫಿ ಪುಡಿ ಒತ್ತಿ, ಟವಲ್ ಬಿಗಿದು, ಎತ್ತಿನ ಗಾಡೀಲಿ ಕರ್ಕೊಂಡು ಹೋದ್ರಂತೆ, ಐದು ಹೊಲಿಗೆ ಬಿತ್ತು. ಎಕ್ಸ್‌ರೇ ತೆಗೆದ ನೆನಪಿಲ್ಲ. ನಾನು ಕೇಳಿದೆ, "ಅಮ್ಮ, ಆವತ್ತು ಮೂಗಲ್ಲಿ ರಕ್ತ ಬಂತಾ?" ಅವರು ಒಂದು ಕ್ಷಣವೂ ಯೋಚಿಸಲಿಲ್ಲ. "ಎಲ್ಡು ದಿನ ಬಂತು ಸಾ, ಗಾಯ ಇರದು ಹುಬ್ಬಲ್ಲಿ, ಮೂಗಲ್ಲಿ ಯಾಕೆ ರಕ್ತ ಬತ್ತದೆ ಅಂತ ನಮ್ಮತ್ತೆ ಅತ್ತಿದ್ರು. ಎಲ್ಲೋ ತಲೆ ಒಳಗೇ ಆಗದೆ ಅಂತ."

ಅತ್ತೆ ಕೇಳಿದ ಪ್ರಶ್ನೆ ಸರಿಯಾಗಿತ್ತು. ಹುಬ್ಬಿಗೆ ಏಟು ಬಿದ್ದು ಮೂಗಲ್ಲಿ ರಕ್ತ ಬರಬೇಕು ಅಂದ್ರೆ ನಡುವೆ ಇರೋ ಸೈನಸ್ ಗೋಡೆ ಒಡೆದಿರಬೇಕು. ಇಪ್ಪತ್ತನಾಲ್ಕು ವರ್ಷ ಆ ಸುಳಿವು ಆ ಅಮ್ಮನ ಹತ್ರ ಇತ್ತು, ಕೇಳೋವರು ಇರಲಿಲ್ಲ.

ಮ್ಯೂಕೋಸೀಲ್ ಅಂದ್ರೆ ಏನು ಅಂತ ಯಜಮಾನ್ರಿಗೆ ನಾನು ಹೇಳಿದ ಹಾಗೇ ಇಲ್ಲೂ ಹೇಳ್ತೀನಿ. ಸೈನಸ್ಸು ಅನ್ನೋದು ಒಂದು ಸಣ್ಣ ಕಟ್ಟೆ ಅಂದ್ಕೊಳ್ಳಿ. ಅದರ ಒಳಗೋಡೆಯ ಪೊರೆ ದಿನಾ ಲೋಳೆ ಸುರಿಸ್ತಾ ಇರುತ್ತೆ. ಆ ಪೊರೆ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿದಾವೆ, ಅವು ಭತ್ತದ ಪೈರು ಗಾಳಿಗೆ ಬಾಗಿದಂಗೆ ಒಂದೇ ಕಡೆಗೆ ಬಾಗ್ತಾ ಲೋಳೇನ ತೂಬಿನ ಕಡೆಗೆ ತಳ್ತವೆ. ಆಸ್ಟ್ರಿಯಾದ ಗ್ರಾಜ್ ಊರಿನ ಮೆಸ್ಸರ್‌ಕ್ಲಿಂಗರ್ ಅನ್ನೋ ಡಾಕ್ಟರು ತೋರಿಸಿಕೊಟ್ಟಿದ್ದು ಇದನ್ನೇ, ಬೇರೆ ಕಡೆ ಎಷ್ಟು ತೂತು ಮಾಡಿದ್ರೂ ರೋಮಗಳು ಲೋಳೇನ ಒಯ್ಯೋದು ಹುಟ್ಟಿನಿಂದ ಇರೋ ಆ ಒಂದೇ ತೂಬಿಗೆ. ಹಣೆ ಸೈನಸ್ಸಿನ ತೂಬು ಇರೋದು ಕೆಳಗೆ, ಕಿರಿದಾದ ಒಂದು ದಾರಿ, ಅಕ್ಕಪಕ್ಕ ಸಣ್ಣ ಸಣ್ಣ ಗಾಳಿಗೂಡುಗಳು ಒತ್ಕೊಂಡಿರ್ತವೆ. ಮ್ಯೂಕೋಸೀಲ್‌ಗಳಲ್ಲಿ ಬಹುಪಾಲು ಹಣೆ ಸೈನಸ್ ಮತ್ತೆ ಅದರ ಪಕ್ಕದ ಎತ್ಮಾಯ್ಡ್ ಸೈನಸ್ಸಲ್ಲೇ ಬರೋದು ಅದಕ್ಕೇ. ಆ ತೂಬಿಗೆ ಕಲ್ಲು ಬಿತ್ತು ಅಂದ್ಕೊಳ್ಳಿ. ಕೆರೆಯಾದ್ರೆ ಮಳೆ ನಿಂತಾಗ ನೀರೂ ನಿಲ್ಲುತ್ತೆ, ಇಲ್ಲಿ ಲೋಳೆ ನಿಲ್ಲಲ್ಲ.

ಒಳಗೆ ತುಂಬಿ ತುಂಬಿ ಒತ್ತಡ ಹೆಚ್ಚಾಗುತ್ತೆ, ಅದರ ಜೊತೆಗೆ ಆ ಪೊರೇಲಿ ಉರಿಯೂತ ಶುರುವಾಗಿ ಪ್ರೋಸ್ಟಾಗ್ಲಾಂಡಿನ್ ಇ2, ಇಂಟರ್‌ಲ್ಯೂಕಿನ್ 1 ಅನ್ನೋ ಥರದ ರಾಸಾಯನಿಕಗಳು ಹುಟ್ತವೆ, ಅವು ಮೂಳೆ ತಿನ್ನೋ ಜೀವಕೋಶಗಳನ್ನ ಎಬ್ಬಿಸ್ತವೆ. ಹಂಗಾಗಿ ಮೂಳೆ ಬರೀ ಒತ್ತಡಕ್ಕೆ ಸವೆಯೋದಲ್ಲ, ಒಳಗಿಂದ ಕರಗುತ್ತೆ. ಇದು ಕ್ಯಾನ್ಸರ್ ಅಲ್ಲವೇ ಅಲ್ಲ, ಆದ್ರೂ ಕಣ್ಣಿನ ಚಾವಣಿ ಕರಗಿಸುತ್ತೆ, ಮಿದುಳಿನ ಕಡೆ ಗೋಡೆ ಕರಗಿಸುತ್ತೆ. ಇನ್‌ಫೆಕ್ಷನ್ ಆಗಿ ಕೀವಾದ್ರೆ ದಿನಗಳಲ್ಲಿ ದೃಷ್ಟಿ ಹೋಗಬಹುದು, ಮಿದುಳು ಪೊರೆಗೆ ಹರಡಬಹುದು. ನಿಧಾನ ಅನ್ನೋದೇ ಇದರ ಗುಣ. ಏಟು ಬಿದ್ದು ಒಂದೆರಡು ವರ್ಷಕ್ಕೂ ಬರಬಹುದು, ಇಪ್ಪತ್ತು ಮೂವತ್ತು ವರ್ಷ ಬಿಟ್ಟೂ ಬರಬಹುದು. ಮುರಿದ ಮೂಳೆ ಚೂರು ತೂಬು ಮುಚ್ಚೋದು ಒಂದು ದಾರಿ, ಬಿರುಕಿನ ನಡುವೆ ಪೊರೆಯ ಒಂದು ಚೂರು ಸಿಕ್ಕಿಹಾಕ್ಕೊಂಡು ಅಲ್ಲೇ ಚೀಲವಾಗಿ ಬೆಳೆಯೋದು ಇನ್ನೊಂದು.

ಸಿಟಿ ಸ್ಕ್ಯಾನ್ ಮಾಡಿಸಿದೆ. ಸಣ್ಣ ಸಣ್ಣ ಕಟ್‌ಗಳಲ್ಲಿ, ಮೂರೂ ದಿಕ್ಕಿಂದ. ಎಡ ಹಣೆ ಸೈನಸ್ಸು ಪೂರ್ತಿ ತುಂಬಿ ಬಲೂನಿನಂಗೆ ಊದಿಕೊಂಡಿತ್ತು, ಒಳಗೆ ಎಲ್ಲಾ ಕಡೆ ಒಂದೇ ಬೂದು ಬಣ್ಣ, ಅಂಚು ನುಣುಪು. ಸಾಮಾನ್ಯ ಸೈನಸೈಟಿಸಲ್ಲಿ ಸೈನಸ್ ತುಂಬಿರುತ್ತೆ, ಆದ್ರೆ ಅದರ ಆಕಾರ ಬದಲಾಗಲ್ಲ. ಇಲ್ಲಿ ಕಣ್ಣಿನ ಚಾವಣಿಯ ಒಳಮೂಲೆ ಕಾಣಿಸ್ತಾನೇ ಇರಲಿಲ್ಲ. ಹಿಂದಿನ ಗೋಡೇಲಿ 7 ಮಿಲಿಮೀಟರ್ ಖಾಲಿ ಜಾಗ, ಅದರ ಆಚೆ ಮಿದುಳಿನ ಪೊರೆ. ಮತ್ತೆ ನಾನು ಹುಡುಕ್ತಿದ್ದಿದ್ದು: ಮುಂಗೋಡೇಲಿ ವಕ್ರವಾಗಿ ಕೂಡ್ಕೊಂಡ ಹಳೇ ಮುರಿತ, ಅಲ್ಲಿಂದ ಒಂದು ಮೂಳೆ ಚೂರು ಕೆಳಗೆ ಜಾರಿ ಸರಿಯಾಗಿ ತೂಬಿನ ಬಾಯಲ್ಲೇ ಅಂಟ್ಕೊಂಡು ಗಟ್ಟಿಯಾಗಿತ್ತು. ಎಂಟು ತಿಂಗಳ ಅಲೆದಾಟಕ್ಕೆ ಉತ್ತರ ಅಕ್ಕಿ ಕಾಳಿಗಿಂತ ಒಂದಿಷ್ಟು ದೊಡ್ಡ ಮೂಳೆ ಚೂರು.

ಹಂಗಾದ್ರೆ ಆ ಎಂಆರ್‌ಐ ಯಾಕೆ ಗಡ್ಡೆ ಅಂತು? ಈ ಭಾಗ ವೈದ್ಯಕೀಯ ಓದ್ತಿರೋ ಹುಡುಗರು ಸ್ವಲ್ಪ ನಿಧಾನವಾಗಿ ಓದಲಿ. ಎಂಆರ್‌ಐ ನೋಡೋದು ಮುಖ್ಯವಾಗಿ ನೀರನ್ನ, ಟಿ1, ಟಿ2 ಅನ್ನೋದು ಅದರಲ್ಲಿ ತೆಗೆಯೋ ಎರಡು ಬಗೆಯ ಚಿತ್ರ. ಯಜಮಾನ್ರಿಗೆ ನಾನು ಅವರ ಆಲೆಮನೆ ಭಾಷೇಲೇ ಹೇಳಿದೆ. ಹೊಸ ಮ್ಯೂಕೋಸೀಲ್ ಒಳಗಿರೋದು ಕಬ್ಬಿನ ಹಾಲು ಇದ್ದಂಗೆ, ತೆಳು, ನೀರೇ ಜಾಸ್ತಿ. ಟಿ1 ಚಿತ್ರದಲ್ಲಿ ಕಪ್ಪು, ಟಿ2ನಲ್ಲಿ ಬೆಳ್ಳಗೆ ಹೊಳೆಯುತ್ತೆ, ಯಾರು ನೋಡಿದ್ರೂ ನೀರಿನ ಚೀಲ ಅಂತಾರೆ. ವರ್ಷಗಟ್ಟಲೆ ಒಳಗೇ ಕೂತ್ರೆ ನೀರು ಹೀರಿಹೋಗಿ ಪ್ರೋಟೀನ್ ದಟ್ಟ ಆಗ್ತಾ ಬರುತ್ತೆ, ಕೊಪ್ಪರಿಗೇಲಿ ಹಾಲು ಕಾದು ಪಾಕ ಆದಂಗೆ. ಆಗ ಟಿ1 ಬೆಳ್ಳಗಾಗುತ್ತೆ, ಟಿ2 ಮಂಕಾಗುತ್ತೆ. ಇನ್ನೂ ಗಟ್ಟಿಯಾಗಿ ಅಚ್ಚು ಬೆಲ್ಲದ ಹದಕ್ಕೆ ಬಂದ್ರೆ ಎರಡರಲ್ಲೂ ಕಪ್ಪು, ಆಗ ಸೈನಸ್ಸಲ್ಲಿ ಗಾಳಿ ಇದೆ, ಏನೂ ತೊಂದರೆ ಇಲ್ಲ ಅಂತ ಮೋಸ ಹೋಗೋ ಅಪಾಯವೂ ಇದೆ. ಇವರದು ಪಾಕದ ಹಂತ. ಟಿ1 ಬಿಳುಪು, ಟಿ2 ಮಂಕು, ನೀರಿನ ಚೀಲದ ಥರ ಕಾಣ್ಲಿಲ್ಲ, ಕಾಂಟ್ರಾಸ್ಟ್ ಕೊಟ್ಟಿರಲಿಲ್ಲ, ಪಕ್ಕದಲ್ಲಿ ಮೂಳೆ ತೋರಿಸೋಕೆ ಸಿಟಿಯೂ ಇರಲಿಲ್ಲ. ಅಷ್ಟರಲ್ಲಿ ಗಟ್ಟಿ ಗಡ್ಡೆ ಅಂತ ಅನಿಸೋದು ದೊಡ್ಡ ವಿಷಯ ಏನಲ್ಲ.

ನಾವು ಮತ್ತೆ ಕಾಂಟ್ರಾಸ್ಟ್ ಹಾಕಿ ಎಂಆರ್‌ಐ ಮಾಡಿಸಿದ್ವಿ. ಗಡ್ಡೆ ಆಗಿದ್ರೆ ಒಳಗೆಲ್ಲ ರಕ್ತ ಓಡಾಡುತ್ತೆ, ಇಡೀ ಭಾಗ ಹೊಳೆಯಬೇಕು. ಇಲ್ಲಿ ಹೊಳೆದಿದ್ದು ಅಂಚಿನ ತೆಳು ಗೆರೆ ಮಾತ್ರ, ಒಳಗೆ ಏನೂ ಇಲ್ಲ. ಹಿಂದಿನ ಗೋಡೆ ಹತ್ರ ಮಿದುಳಿನ ಪೊರೆ ಹರಿದಿಲ್ಲ, ಮಿದುಳು ಕೆಳಗೆ ಇಳಿದಿಲ್ಲ. ಮೂಳೆಗೆ ಸಿಟಿ, ಒಳಗಿನ ಮಾಲಿಗೆ ಕಾಂಟ್ರಾಸ್ಟ್ ಎಂಆರ್‌ಐ, ಇವೆರಡೂ ಜೋಡಿಯಾಗಿ ಮಾತಾಡಬೇಕು, ಒಂದೇ ನಂಬಿಕೊಂಡು ರೆಪ್ಪೆ ಕುಯ್ದಿದ್ರೆ ಮುಚ್ಚಿದ ಚೀಲಕ್ಕೆ ಹೊರಗಿನ ಸೋಂಕು ಒಳಗೆ ಬಿಟ್ಟಂಗೆ ಆಗ್ತಿತ್ತು, ಮಿದುಳಿನ ಪೊರೆ ಜಾರಿದ್ದಿದ್ರೆ ಮಿದುಳಿನ ಸುತ್ತ ಇರೋ ನೀರೇ ಸೋರ್ತಿತ್ತು. ಅದಕ್ಕೇ ಅವರು ಹೆದರಿ ಹೋಗದೇ ಇದ್ದಿದ್ದು ಒಳ್ಳೇದಾಯ್ತು ಅಂದಿದ್ದು.

ಈ ಕಾಯಿಲೆಗೆ ಎಲ್ಲರಿಗೂ ಗೊತ್ತಿರೋ ಕಾರಣ ಹಳೇ ಸೈನಸೈಟಿಸ್ಸು, ಪಾಲಿಪ್ಪು, ಅಲರ್ಜಿ. ಗೊತ್ತಿದ್ರೂ ನೆನಪಾಗದ ಕಾರಣಗಳು ಬೇರೆ ಇದಾವೆ. ಹತ್ತು ಹದಿನೈದು ವರ್ಷದ ಹಿಂದೆ ಆದ ಸೈನಸ್ ಆಪರೇಷನ್ನೇ ಮಾಯುವಾಗ ಕಲೆಗಟ್ಟಿ ದಾರಿ ಮುಚ್ಚಿರಬಹುದು. ಕೆನ್ನೆ ಸೈನಸ್ಸಿಗೆ ಹಿಂದೆ ತುಟಿ ಒಳಗಿಂದ ಮಾಡ್ತಿದ್ದ ಕಾಲ್ಡ್‌ವೆಲ್ ಲುಕ್ ಆಪರೇಷನ್ ಆದವರಲ್ಲಿ ದಶಕಗಳ ಮೇಲೆ ಬಂದಿರೋದು ಜಪಾನಲ್ಲಿ ತುಂಬಾ ನೋಡಿದಾರೆ. ಆಸ್ಟಿಯೋಮ ಅನ್ನೋ ಮೂಳೆ ಗಂಟು ತೂಬಲ್ಲಿ ಬೆಳೆದು ಮುಚ್ಚಬಹುದು. ಮೂಳೇನೇ ದಪ್ಪಗಾಗೋ ಫೈಬ್ರಸ್ ಡಿಸ್‌ಪ್ಲೇಸಿಯದಲ್ಲೂ ಹಂಗೇ. ತೀರಾ ಸಣ್ಣ ಮಕ್ಕಳಲ್ಲಿ ಮ್ಯೂಕೋಸೀಲ್ ಕಂಡ್ರೆ ಸಿಸ್ಟಿಕ್ ಫೈಬ್ರೋಸಿಸ್ (ಹುಟ್ಟಿನಿಂದಲೇ ಲೋಳೆ ಗಟ್ಟಿಯಾಗೋ ಕಾಯಿಲೆ) ಇದೆಯಾ ಅಂತ ಬೆವರಿನ ಕ್ಲೋರೈಡ್ ಟೆಸ್ಟ್ ಮಾಡಿಸಲೇಬೇಕು. ಕೆಲವೊಮ್ಮೆ ನಿಜವಾದ ಗಡ್ಡೆಯೊಂದು ದಾರೀಲಿ ಕೂತು, ಅದರ ಹಿಂದೆ ಮ್ಯೂಕೋಸೀಲ್ ತುಂಬಿರುತ್ತೆ, ನಾವು ದೊಡ್ಡದನ್ನ ನೋಡಿ ಸಣ್ಣದನ್ನ ಬಿಟ್ಟುಬಿಡ್ತೀವಿ. ಇನ್ನು ತಲೆಯ ನಟ್ಟನಡುವೆ ಇರೋ ಸ್ಫೀನಾಯ್ಡ್ ಸೈನಸ್ಸಿಂದು, ಅಪರೂಪ, ಆದ್ರೆ ನನಗೆ ಜಾಸ್ತಿ ಭಯ ಅದೇ. ಅದರ ಪಕ್ಕದಲ್ಲೇ ಕಣ್ಣಿನ ನರ ಹೋಗುತ್ತೆ. ಹೊರಗೆ ಊತ ಕಾಣಲ್ಲ, ಬರೀ ತಲೆನೋವು, ಆಮೇಲೆ ರೆಪ್ಪೆ ಬೀಳೋದು, ದೃಷ್ಟಿ ಮಂಜಾಗೋದು. ಮೈಗ್ರೇನ್ ಮಾತ್ರೆ ನುಂಗ್ತಾ ನುಂಗ್ತಾ ಕಣ್ಣು ಕಳ್ಕೊಂಡ್ರೆ ವಾಪಸ್ ತರೋಕಾಗಲ್ಲ.

ಆಪರೇಷನ್ ಮೈಸೂರಲ್ಲಿ ಆಯ್ತು. ಮಿದುಳು ಪೊರೆ ಅಷ್ಟು ಹತ್ರ ಇದ್ದಿದ್ರಿಂದ ಸಾಧನದ ತುದಿ ಎಲ್ಲಿದೆ ಅಂತ ಸ್ಕ್ಯಾನ್ ಚಿತ್ರದ ಮೇಲೆ ತೋರಿಸೋ ನ್ಯಾವಿಗೇಶನ್ ಇರೋ ಥಿಯೇಟರ್ ಬೇಕಿತ್ತು, ನನಗಿಂತ ಹಿರಿಯ ಸರ್ಜನ್ ಒಬ್ಬರು ಜೊತೆಗಿದ್ರು, ಪೊರೆ ಹರಿದ್ರೆ ಅಂತ ನ್ಯೂರೋ ಸರ್ಜನ್ನಿಗೂ ಮೊದಲೇ ಹೇಳಿಟ್ಟಿದ್ವಿ. ಒಂದು ಕಾಲದಲ್ಲಿ ಇದಕ್ಕೆ ಹುಬ್ಬಿನ ಕೆಳಗೆ ಕುಯ್ದೋ, ಹಣೆ ಮೂಳೇನೇ ಬಾಗಿಲಿನಂಗೆ ತೆಗೆದು ಪೊರೆಯೆಲ್ಲ ಕೆರೆದು ಒಳಗೆ ಹೊಟ್ಟೆಯ ಕೊಬ್ಬು ತುಂಬಿಯೋ ಮಾಡ್ತಿದ್ರು. ಈಗ ಬಹುಪಾಲು ಮೂಗಿನ ಒಳಗಿಂದಲೇ, ಚೀಲ ಪೂರ್ತಿ ಕಿತ್ತು ತೆಗೆಯಲ್ಲ, ಅದರ ತಳ ಅಗಲವಾಗಿ ತೆರೆದು ಮೂಗಿಗೆ ಸೇರಿಸಿಬಿಡೋದು. ಜರ್ಮನಿಯ ವೋಲ್ಫ್‌ಗ್ಯಾಂಗ್ ಡ್ರಾಫ್ 1991ರಲ್ಲಿ ಈ ದಾರಿ ಎಷ್ಟೆಷ್ಟು ಅಗಲ ಮಾಡಬೇಕು ಅನ್ನೋದನ್ನ ವಿಂಗಡಿಸಿ ಕೊಟ್ರು, ಅದರಲ್ಲಿ ಎರಡನೇದರ ಬಿ ವಿಧ ನಾವು ಮಾಡಿದ್ದು, ಅಂದ್ರೆ ಕಣ್ಣಿನ ಕಡೆ ಗೋಡೆಯಿಂದ ಮೂಗಿನ ನಡುಗೋಡೆವರೆಗೂ ಎಡ ಸೈನಸ್ಸಿನ ತಳ ತೆಗೆಯೋದು.

ಆ ಮೂಳೆ ಚೂರನ್ನ ಡೈಮಂಡ್ ಬರ್ ಹಾಕಿ ನಿಧಾನ ಸವೆಸಿ ತೆಗೆದ ಕೂಡಲೇ ಹಿಂದಿನಿಂದ ಪೊರೆ ಉಬ್ಬಿ ಬಂತು. ಚಿಕ್ಕದಾಗಿ ಕುಯ್ದ್ವಿ. ಕಂದು ಬಣ್ಣದ ಗಟ್ಟಿ ಲೋಳೆ, ಥೇಟು ಜೋನಿ ಬೆಲ್ಲ. ಸಕ್ಷನ್ ಪೈಪಿಗೆ ಎಳೆಯೋಕಾಗ್ಲಿಲ್ಲ, ಉಗುರುಬೆಚ್ಚಗಿನ ಸಲೈನ್ ಬಿಟ್ಟು ಬಿಟ್ಟು ತೊಳೆದು ತೆಗೆಯಬೇಕಾಯ್ತು. ಒಳಗೆ ಪೂರ್ತಿ ಖಾಲಿ ಆದ ಮೇಲೆ 70 ಡಿಗ್ರಿ ಸ್ಕೋಪಲ್ಲಿ ಮೇಲೆ ನೋಡಿದ್ರೆ, ಹಿಂಗೋಡೇಲಿ ಮೂಳೆ ಇಲ್ಲದ ಆ ಜಾಗ, ಗುಲಾಬಿ ಬಣ್ಣದ ಪೊರೆ ಮಾತ್ರ, ಮಿದುಳಿನ ನಾಡಿ ಜೊತೆ ಸಣ್ಣಗೆ ಏರ್ತಾ ಇಳೀತಾ ಇತ್ತು. ಥಿಯೇಟರಲ್ಲಿ ಯಾರೂ ಮಾತಾಡಲಿಲ್ಲ. ಆ ಜಾಗ ಮುಟ್ಟಬಾರದು, ಅಲ್ಲಿನ ಸೈನಸ್ ಪೊರೆ ಕೆರೆಯೋಕೆ ಹೋದ್ರೆ ಮಿದುಳು ನೀರು ಸೋರುತ್ತೆ, ಮತ್ತೆ ಆ ಪೊರೆ ಕೆಟ್ಟದ್ದೇನೂ ಅಲ್ಲ, ದಾರಿ ಬಿಟ್ರೆ ಅದೇ ತನ್ನ ರೋಮಗಳಿಂದ ಮತ್ತೆ ಲೋಳೆ ತಳ್ಳೋ ಕೆಲಸ ಶುರು ಮಾಡುತ್ತೆ. ಬಿಟ್ಟು ಬಂದ್ವಿ. ಒಟ್ಟು ಎರಡು ಗಂಟೆ ಹಿಡೀತು.

ಲೋಳೇಲಿ ಬ್ಯಾಕ್ಟೀರಿಯಾ, ಫಂಗಸ್ ಯಾವುದೂ ಬೆಳೀಲಿಲ್ಲ. ಕೆಳಗಡೆ ಗೋಡೆಯ ಚೂರು ಪೆಥಾಲಜಿಗೆ ಕಳಿಸಿದ್ವಿ, ಕಾರಣ ಇಷ್ಟು ಸ್ಪಷ್ಟವಾಗಿದ್ರೂ ಕಳಿಸಬೇಕು. ಉಸಿರಾಟದ ದಾರಿಯ ಮಾಮೂಲಿ ರೋಮದ ಪೊರೆ, ಹಳೇ ಉರಿಯೂತ, ಕ್ಯಾನ್ಸರ್ ಕೋಶ ಇಲ್ಲ ಅಂತ ಬಂತು. ಆ ರಿಪೋರ್ಟನ್ನ ನಾನು ಪೂರ್ತಿ ಓದಿ ಹೇಳೋವರೆಗೂ ಯಜಮಾನ್ರು ಕೂತಿರಲೇ ಇಲ್ಲ, ನಿಂತೇ ಕೇಳಿಸ್ಕೊಂಡ್ರು. "ಗಡ್ಡೆ ಅಲ್ವಲ್ಲ ಸಾ?" ಅಂತ ಮೂರು ಸಲ ಕೇಳಿದ್ರು. ಮೂರು ಸಲವೂ ಅಲ್ಲ ಅಂದೆ.

ಕಣ್ಣು ಮಾರನೇ ದಿನಕ್ಕೇ ವಾಪಸ್ ಹೋಗಲ್ಲ, ಅದನ್ನ ಮೊದಲೇ ಹೇಳಿರಬೇಕು. ಆರು ವಾರಕ್ಕೆ ಅಳತೆ 23ರಿಂದ 20ಕ್ಕೆ ಬಂತು, ಮೂರು ತಿಂಗಳಿಗೆ 18. ನೇರ ನೋಡುವಾಗಿನ ಎರಡೆರಡು ಮೊದಲು ಹೋಯ್ತು, ಮೇಲೆ ನೋಡಿದಾಗಿಂದು ಕೊನೇಗೆ. ಗದ್ದ ಯಾವಾಗ ಕೆಳಗಿಳೀತು ಅಂತ ಅವರಿಗೇ ಗೊತ್ತಿಲ್ಲ. ಕನ್ನಡಕದ ಹುಡುಗನ ಹತ್ರ ಮತ್ತೆ ಕಳಿಸಿದೆ, ನಂಬರು ಹಳೇ ನಂಬರಿನ ಹತ್ರಕ್ಕೆ ಬಂದಿದೆ ಅಂತ ಅವನು ಫೋನ್ ಮಾಡಿ ಹೇಳಿದ, ಒತ್ತಡ ಹೋದ್ಮೇಲೆ ಗುಡ್ಡೆ ತನ್ನ ಆಕಾರಕ್ಕೆ ಮರಳಿತ್ತು. ಮನೆಯವ್ರು ಬೆಳ್ಳಿ ಕಣ್ಣು ಒಪ್ಪಿಸಿ, ಪ್ರಸಾದ ತಂದು ಕೊಟ್ಟು ಹೋದ್ರು. ಒಂದು ವರ್ಷದ ಸಿಟೀಲಿ ಕಣ್ಣಿನ ಚಾವಣಿ ಮೇಲೆ ತೆಳ್ಳಗೆ ಹೊಸ ಮೂಳೆ ಗೆರೆ ಮೂಡಿತ್ತು. ಆದ್ರೂ ವರ್ಷಕ್ಕೊಮ್ಮೆ ಬರ್ತಿರಿ ಅಂದಿದೀನಿ, ತೆರೆದ ದಾರಿ ವರ್ಷಗಳ ಮೇಲೆ ಮತ್ತೆ ಮುಚ್ಚೋ ಸಾಧ್ಯತೆ ಇದ್ದೇ ಇದೆ.

2025ರ ಜನವರೀಲಿ ಬಂದಾಗ ಸ್ಕೋಪ್ ಹಾಕಿ ನೋಡಿದೆ, ದಾರಿ ಹೆಬ್ಬೆರಳ ಉಗುರಿನಷ್ಟು ಅಗಲ ತೆರೆದಿತ್ತು, ಒಳಗೆ ತೇವದ ಹೊಳಪು, ಲೋಳೆ ನಿಂತಿಲ್ಲ. ಆ ಸಲ ಅಮ್ಮ ತಮ್ಮ ಅಣ್ಣನ ಮಗನನ್ನೂ ಜೊತೇಲಿ ಕರ್ಕೊಂಡು ಬಂದಿದ್ರು, 22 ವರ್ಷದ ಹುಡುಗ. ಮೂರು ವರ್ಷದ ಹಿಂದೆ ಬೈಕಿಂದ ಬಿದ್ದು ಹುಬ್ಬು ಒಡ್ಕೊಂಡಿದ್ದ. "ಇವ್ನಿಗೂ ಆಗ ಮೂಗಲ್ಲಿ ರಕ್ತ ಬಂದಿತ್ತು ಸಾ, ನೋಡಿ" ಅಂತ ಅಮ್ಮ ಆಕ್ಸಿಡೆಂಟ್ ದಿನ ತೆಗೆಸಿದ್ದ ಸಿಟಿ ಫಿಲ್ಮು ಸೀರೆ ಅಂಗಡಿ ಕವರಲ್ಲಿ ಸುತ್ತಿಟ್ಕೊಂಡು ತಂದಿದ್ರು. ಮುಂಗೋಡೇಲಿ ಬಿರುಕಿತ್ತು, ತೂಬಿನ ದಾರಿ ತೆರೆದೇ ಇತ್ತು. ಹುಡುಗನಿಗೆ ಈಗ ಏನೂ ತೊಂದರೆ ಇಲ್ಲ, ಇನ್ನೊಂದು ಸ್ಕ್ಯಾನ್ ಬೇಡ ಅಂದೆ. ಯಾವ ದಿನ ಬಿದ್ದಿದ್ದು, ಎಲ್ಲಿ ಮುರಿದಿದೆ, ಮುಂದೆ ಯಾವಾಗಾದ್ರೂ ಹುಬ್ಬು ಭಾರ ಆದ್ರೆ, ಕಣ್ಣು ಸರಿದ್ರೆ, ಎರಡೆರಡು ಕಂಡ್ರೆ ಹಣೆ ಸೈನಸ್ ನೋಡಬೇಕು ಅಂತ ಒಂದು ಚೀಟೀಲಿ ಕನ್ನಡದಲ್ಲಿ ಬರೆದು ಕೊಟ್ಟೆ. ಅಮ್ಮ ಅದನ್ನ ಮಡಚಿ ಫಿಲ್ಮಿನ ಜೊತೆ ಅದೇ ಕವರೊಳಗೆ ಇಟ್ಕೊಂಡ್ರು.